ಬಿರಡಿ ಲೆಕ್ಕ

ನಮ್ಮಪ್ಪನ ಸೀರಿ ಅಂಗಡಿ ಖಾತೆವಹಿ, ಅರ್ಧ ಖಾಲಿ.
ಎಡಕ ಉದ್ರಿ ಒಯ್ದವರ ಹೆಸರು,
ಬಲಕ ನಾ ಬರದ ಸಣ್ಣ ಸಣ್ಣ ಗಡಿಯಾರ:
ಮೂರನೇ ಬಿರಡಿ ಎರಡೂವರಿಗೆ,
ಏಳನೇದು ಹತ್ತಕ್ಕ ಐದು ಕಮ್ಮಿ.
ಈ ಸಿಂಥಸೈಜರಿಗೆ ನೆನಪಿಲ್ಲ,
ಕರೆಂಟು ಹೋತಂದ್ರ ಕಟ್ಟಿದ ಧ್ವನಿನೂ ಹೋತು.
ಎಂಬತ್ತೇಳನೇ ಇಸವಿ ಬೆಟಗೇರಿಯೊಳಗ
ಎಷ್ಟು ಸಲ ಹೋಗತಿತ್ತು, ನೀವ ಲೆಕ್ಕ ಹಾಕ್ರಿ.

ಮುಂಬೈಯಿಂದ ಕೌದಿಯೊಳಗ ಸುತ್ತಿ ತಂದಿದ್ದೆ.
ಗದಗ ಜಂಕ್ಷನ್ನಿನ್ಯಾಗ ಟಿ.ಸಿ. ಕೇಳಿದ, "ಕೂಸೇನ್ರಿ?"
ಹೂಂ ಅಂದೆ.
ಉದ್ದ ನೋಡಿ, ಐದು ತುಂಬೇದ ಅಂತ
ಅರ್ಧ ಟಿಕೀಟು ಹರದ.

ಬ್ಯಾಸಗಿಗೆ ಸಾ ನಿಲ್ಲಾಂಗಿಲ್ಲ ಅದಕ್ಕ.
ಪತ್ರಾಸಿನ ಕೆಳಗ ಮಧ್ಯಾಹ್ನ ಮೂರರ ಹೊತ್ತಿಗೆ
ಕರಿ ಎರಡು ಬಿಳಿ ಮೂರರ ಕಡೆ ಜಾರತದ.
ಇಂದೂಬಾಯಿ ಹಸಿ ಅರಿವಿ ತಂದು ಬೆನ್ನಿಗೆ ಹಾಕತಿದ್ಳು,
ಜ್ವರ ಬಂದವರಿಗೆ ಹಾಕಿದಂಗ.
ಶಾಕ್ ಹೊಡದೀತು ಅಂದ್ರ
"ಹೊಡೀಲಿ, ನಿಮಗ ಬುದ್ಧಿ ಬಂದೀತು."

ಲಗ್ನದ ಹಾಲಿನ್ಯಾಗ, "ಮಾಸ್ತರ, ಸನಾದಿ ಬಿಡ್ರಿ,
ಕೊಳಲ ಬಿಡ್ರಿ, ಪಿಟೀಲ ಬಿಡ್ರಿ."
ನಾಲ್ಕ ಮಂದಿ ಕೆಲಸ, ಒಂದೂವರಿ ಪಗಾರ.
ಅಲ್ಲೀತನಕ ಆ ಹಾಲಿನ ಕಟ್ಟಿಗೆ ಕೂಡತಿದ್ದ
ಯಮನಪ್ಪ ಭಜಂತ್ರಿ
ಒಂದಿನ ನನ್ನ ಮಾಳಿಗಿ ಹತ್ತಿ ಬಂದ.
ಜಗಳಕ್ಕ ಬಂದಾನ ಅಂತ ಎದ್ದು ನಿಂತೆ.
ಅಂವ ಕುಂತ. "ಹಚ್ಚರಿ, ಕೇಳೋಣು."
ಹಚ್ಚಿದೆ. ಕಣ್ಣು ಮುಚ್ಚಿ ಭಾಳೊತ್ತು ಕೇಳಿ
"ಇದು ಉಸರು ಎಲ್ಲಿ ತಗೋತದ?" ಅಂದ.

ಮನಿ ಮ್ಯಾಲಿನ ಬೆರಳು ತಗದೆ.
ಚಾ ಕುಡದ, ಎಲಿ ಹಾಕ್ಕೊಂಡ,
ಇಳಿಯೋ ಮುಂದ ಮೂರನೇ ಮೆಟ್ಟಲ ಸಡ್ಲ ಅದ ಅಂದ, ಹ್ವಾದ.

ಆಮ್ಯಾಲ ಇಪ್ಪತ್ತೆಂಟು ಕ್ಯಾಸೆಟ್ಟು.
ಲಗ್ನಕ್ಕ ಒಂದೂ ನಡಿಯಾಂಗಿಲ್ಲ.
ಕೆಳಗ ಕಬಾಡಿಯವರ ಮಗ್ಗ, ಲಾಳಿ ಓಡಿದಂಗ ತಾಳ,
ಓಣಿ ತುದೀಲಿ ಟ್ರಾನ್ಸ್‌ಫಾರ್ಮರಿನ ಗುಂಯ್,
ಅದ ನನ್ನ ತಂಬೂರಿ.
ನಡುವ ಒಂದು ಕಡೆ ಎಲ್ಲಾ ನಿಲ್ಲಸತೀನಿ,
ಎದಿ ಒಮ್ಮೆ ಏರಿ ಇಳಿಯೋವಷ್ಟು.
ಕೇಳಿದವರು "ಟೇಪು ಸಿಕ್ಕೊಂತು" ಅಂತಾರ.

ಮಗ್ಗ ಮಾರಿ ಒಂಬತ್ತು ವರ್ಷ. ಅಲ್ಲೀಗ ಜಿಮ್ಮು,
ಕಬ್ಬಿಣ ಬೀಳೂದಕ್ಕ ತಾಳ ಇಲ್ಲ.
ನಿನ್ನೆ ಮೊಮ್ಮಗಳು ಋತುಜಾ ಖಾತೆವಹಿ ತಗದು
ಒಂದೊಂದ ಬಿರಡಿ ತಿರುವಲಿಕ್ಕೆ ಹತ್ತಿದ್ಳು.
"ಅಜ್ಜಾ, ನಲವತ್ತೊಂದನೇ ಹಾಳಿ,
ನಾಲ್ಕನೇ ಗಡಿಯಾರ ಗೊರಲಿ ತಿಂದದ.
ಎಷ್ಟಕ್ಕ ಇಡಲಿ?"

ನನಗೂ ನೆನಪಿಲ್ಲ.
ಇಡು ಎಲ್ಲ್ಯರ, ಅಂದೆ. ಕೇಳೋಣು.