ಬಲಗಿವಿ

ಮೊದಲು ಕಣ್ಣು. ಯಾವಾಗಲೂ ಕಣ್ಣು.
ಅದು ಕೂಡದಿದ್ದರೆ
ಉಳಿದ ಹತ್ತು ದಿನ ಕೂದಲೆಳೆದು ಫಲವಿಲ್ಲ,
ಹಾಳೆ ಅಲ್ಲಿಗೇ ಬಿಟ್ಟು ಚಹಾಕ್ಕೆ ಏಳಬೇಕು.

ಲಾಡ್ಲೇಸಾಬನ ಕುದುರೆ, ಶಕ್ಕರಿ.
ಜೋಡಗುಮ್ಮಟದ ಗೋಡೆ ನೆರಳಿಗೆ ಟಾಂಗಾ ಬಿಚ್ಚಿ
ಅವನು ಹುಲ್ಲು ಕೊಡವುತ್ತಿದ್ದಾಗ ತೆಗೆದ ಫೋಟೊ.
ಕಣ್ಣಪಟ್ಟಿ ಒತ್ತಿದ ಗುರುತು ಕೆನ್ನೆಯ ಮೇಲೆ,
ಅಲ್ಲಿ ಬೆರಳಗಲ ಕೂದಲು ಮಲಗಿಬಿಟ್ಟಿದೆ.

ಫೋಟೊಕ್ಕೆ ಚೌಕ ಹೊಡೆದೆ, ಹಾಳೆಗೂ ಹೊಡೆದೆ,
ಇಳಕಲ್ಲ ಸೀರೆಯ ಚೌಕಳಿಯಷ್ಟು ಸಣ್ಣವು.
ಚೌಕದೊಳಗೆ ಕುದುರೆ ಇರುವುದಿಲ್ಲ.
ಒಂದು ಬಾಗು, ಒಂದು ಕಪ್ಪು, ಏನೋ ಒಂದು ಬೂದಿ ಮಚ್ಚೆ.
ಕುದುರೆ ಅಂತ ನೆನೆದೆವೋ, ಕೈ ಕೆಟ್ಟಿತು:
ಯಾವುದೋ ಕ್ಯಾಲೆಂಡರಿನ ಕುದುರೆ
ನುಸುಳಿ ಬಂದು ನಿಲ್ಲುತ್ತದೆ.

ಪಾಪೆ ಗುಂಡಗಿಲ್ಲ, ಅಡ್ಡ ಮಲಗಿದ ಕವಡೆಯ ಬಾಯಿ.
ಕಪ್ಪಿಗೆ ಎಂಟು ಬಿ ಪೆನ್ಸಿಲು, ಉಸಿರು ಹಿಡಿದು.
ಅದರೊಳಗಿನ ಬೆಳಕನ್ನು ಮಾತ್ರ ಬರೆಯುವುದಲ್ಲ,
ಹಾಳೆಯನ್ನೇ ಬಿಟ್ಟುಬಿಡುವುದು.
ಬಿಟ್ಟ ಆ ಜೋಳದ ನುಚ್ಚಿನಷ್ಟು ಜಾಗದಲ್ಲಿ
ಗುಮ್ಮಟ, ಬಿಸಿಲು, ಫೋನು ಹಿಡಿದ ನಾನು.

ಕೂದಲು ಹೊರಟ ದಿಕ್ಕಿಗೇ ಪೆನ್ಸಿಲೂ ಹೊರಡಬೇಕು,
ಬೇರಲ್ಲಿ ಒತ್ತಿ, ತುದಿಗೆ ಕೈ ಹಗುರಾಗಿ.
ಹಣೆಯ ಸುಳಿಯಲ್ಲಿ ಎಲ್ಲ ದಿಕ್ಕೂ ಒಮ್ಮೆಗೇ.
ಬೆವರಿಗೆಂದು ಅಂಗೈ ಕೆಳಗೆ ಇನ್ನೊಂದು ಹಾಳೆ.
ಏಪ್ರಿಲ್ ತಿಂಗಳು. ಫ್ಯಾನು ಹಾಕಿದರೆ ಹಾಳೆ ಹಾರುತ್ತದೆ,
ಆರಿಸಿದರೆ ಜೀವ.
ರಬ್ಬರನ್ನು ಕಣಕದಂತೆ ನಾದಿ, ತುದಿ ಚೂಪು ಮಾಡಿ
ಮೂತಿಯ ಹದಿನಾಲ್ಕು ಬಿಳಿ ಎಳೆ ಎತ್ತಿದೆ.

ಹನ್ನೊಂದನೆಯ ದಿನ ಲಾಡ್ಲೇಸಾಬ ಬಂದ.
ಚಪ್ಪಲಿ ಹೊರಗೆ, ಚಾಬೂಕು ಹೊರಗೆ.
ಬಹಳ ಹೊತ್ತು ನೋಡಿ ಕೇಳಿದ:
"ಚಂದ ಐತ್ರಿ ಅಕ್ಕೋರ. ಯಾರ ಕುದುರಿ?"

"ಮಾರಿ ನಾ ಎಲ್ಲಿ ನೋಡೇನ್ರಿ,
ಹದಿನಾರು ವರ್ಷ ಬೆನ್ನ ನೋಡೇನಿ, ಕಿವಿ ನೋಡೇನಿ.
ಎರಡೂ ಕಿವಿ ಮುಂದ ಮಾಡಿ ನಿಂತರ
ನಮ್ಮ ಶಕ್ಕರಿ ಹೆಂಗಾಗತೈತಿ?
ಬಲಗಿವಿ ಯಾವಾಗ್ಲೂ ನನ್ನ ಕಡಿ ಇರತೈತಿ."

ದಿನಾ ಮೇವಿಡುವವನು ಮುಖ ನೋಡಿರಲೇಬೇಕು.
ನಾನು ವಾದಿಸಲಿಲ್ಲ.
ಫೋಟೊದಲ್ಲಿ ಎರಡೂ ಕಿವಿ ಮುಂದೆಯೇ ಇದ್ದವು,
ಫೋನು ಹಿಡಿದ ಹೊಸಬಳ ಕಡೆ.

ಎರಡು ದಿನ ಎಳೆಎಳೆಯಾಗಿ ತುಂಬಿದ ಕಿವಿಯೊಳಗಿನ ರೋಮ
ಅರ್ಧ ಗಂಟೆಯಲ್ಲಿ ಅಳಿಸಿತು. ಪೂರ್ತಿ ಅಳಿಯಲಿಲ್ಲ.
ಹಿಂದಕ್ಕೆ ಹೊರಳಿದ ಹೊಸ ಕಿವಿಯ ಪಕ್ಕ
ಹಳೆಯದು ಹೊಗೆಯಂತೆ ನಿಂತಿದೆ,
ಈಗಷ್ಟೇ ತಿರುಗಿದಂತೆ.

ಮತ್ತೆ ಬಂದವನು ಚಿತ್ರದ ಎದುರು ನಿಲ್ಲಲಿಲ್ಲ.
ಹಲಗೆಯ ಹಿಂದೆ ಹೋದ.
ನಾಲಿಗೆ ಅಂಗಳಕ್ಕೆ ತಾಗಿಸಿ, ಒಮ್ಮೆ, ಮೆಲ್ಲಗೆ,
ಟಕ್ ಅಂದ.
ಆಮೇಲೆ, ಫ್ರೇಮಿಗೆ ಎಷ್ಟಾಗತೈತ್ರಿ, ಅಂದ.