ಒಮ್ಮೆ ಬೆಂದದ್ದು

ಮೊದಲು ತಳ ನೋಡಬೇಕು.
ಮೂರು ಬಾಣಗಳ ನಡುವೆ ಒಂದು ಅಂಕಿ,
ಎಮ್ಮೆಗೆ ಹಾಕಿದ ಬರೆಯ ಹಾಗೆ ಸವೆದಿರುತ್ತೆ.
ಎರಡಿದ್ದರೆ ಕೊಡ, ಎಣ್ಣೆ ಕ್ಯಾನು.
ಐದಿದ್ದರೆ ಬಕೆಟ್ಟು, ಕುರ್ಚಿ,
ಸಾವಿರ ಸಲ ಮಡಿಸಿದರೂ ಮುರಿಯದ
ಟಿಫಿನ್ ಡಬ್ಬಿಯ ಮುಚ್ಚಳ.
ಅಂಕಿ ಅಳಿಸಿಹೋಗಿದ್ದರೆ
ಒಂದು ಚೂರು ಕೆತ್ತಿ ಬೆಂಕಿಗೆ ಹಿಡಿದು
ಮೂಗನ್ನೇ ಕೇಳಬೇಕು.

ಹೇಳಿಕೊಟ್ಟವರು ಬುಡೇನ್ ಸಾಬರು,
ಗಾಂಧಿ ಬಜಾರಿನ ಹಿಂದಿನ ಗಲ್ಲಿಯಲ್ಲಿ,
ನಾನು ಎಂಟನೇ ಕ್ಲಾಸು ಫೇಲಾದ ವರ್ಷ.
ಮೇಣದಬತ್ತಿ ಆರಿಸಿದ ವಾಸನೆಯೋ, ಕೊಡದ ಜಾತಿ.
ಕಣ್ಣುರಿದು, ಗಂಟಲು ಹಿಡಿದು
ಜ್ವಾಲೆಯ ಅಂಚು ಹಸಿರಾಯಿತೋ, ಪೈಪಿನ ಜಾತಿ.
ದೂರ ಇಡು, ಅದು ಸಲ್ಯೂಷನ್ನಿಗೆ ಮಾತ್ರ ಬಗ್ಗೋದು.
ಕರಿ ಹೊಗೆ, ಎಳೆ ಎಳೆಯಾಗಿ ಹಾರುವ ಮಸಿ,
ಅದರೊಳಗೆಲ್ಲೋ ಬಾಡಿದ ಚೆಂಡುಹೂವು:
ಮದುವೆ ಮನೆಯ ಐಸ್‌ಕ್ರೀಂ ಚಮಚ,
ಮುರಿಯುವುದಕ್ಕೇ ಹುಟ್ಟಿದ್ದು.

'ನೀರಿನ ಬಾಟ್ಲಿ?' ಅಂದೆ.
'ಅದು ಶಾಖ ಕಂಡ್ರೆ ಮುದುಡ್ತದೆ.
ಕತ್ತರಿಸಿ ನೀರಿಗೆ ಹಾಕು, ಮುಳುಗ್ತದೆ.
ಅದರ ಮುಚ್ಚಳ ತೇಲ್ತದೆ.
ಒಂದೇ ಕತ್ತು, ಎರಡು ಗುಣ' ಅಂದರು,
ಬೀಡಿ ಹಚ್ಚಿಕೊಂಡರು ಅದೇ ಬೆಂಕಿಯಲ್ಲಿ.

ಜಾತಿ ಅನ್ನುವ ಮಾತು
ನಮ್ಮ ಕಸುಬಲ್ಲಿ ಬಿಡೋ ಹಾಗಿಲ್ಲ.
ಒಂದೇ ಜಾತಿಯಾದರೆ
ನೀಲಿ ಬಕೆಟ್ಟಿಗೆ ಕೆಂಪು ಪಟ್ಟಿ ಇಟ್ಟು
ಕಾದ ಕಡ್ಡಿ ಎಳೆದರೆ ಸಾಕು,
ಗಾಯ ಕೂಡಿಕೊಳ್ಳುತ್ತೆ.
ಬೇರೆಯದಾದರೆ, ಬಣ್ಣ ಎಷ್ಟೇ ಹೋಲಲಿ,
ಒಂದು ವಾರ ನಾಟಕ ಮಾಡಿ
ಕಂಠದವರೆಗೆ ತುಂಬಿದ ದಿನವೇ
ಮೆಟ್ಟಿಲ ಮೇಲೆ ಬಾಯಿಬಿಡುತ್ತೆ.

ಇದನ್ನು ಕೇಳಿ ಗಿರಾಕಿಯೊಬ್ಬ
'ನೋಡಿದ್ಯಾ ಹಾಲೇಶಿ, ಪ್ಲಾಸ್ಟಿಕ್ಕಿಗೂ ಗೊತ್ತು'
ಅಂತ ಮೀಸೆ ತಿರುವಿದ.
ನಾನು ಕಡ್ಡಿ ಕಾಯಿಸುತ್ತಲೇ ಇದ್ದೆ.
ಪಕ್ಕದಲ್ಲಿ ನನ್ನ ಹೆಂಡತಿ ಫಿಲೋಮಿನ,
ತೊಳೆದ ಹಾಲಿನ ಪ್ಯಾಕೆಟ್ಟು ಕೊಡವುತ್ತಿದ್ದವಳು,
ಅವನ ಬಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ
'ಹದಿನೈದು ರೂಪಾಯಿ ಜಾಸ್ತಿಯಾಗುತ್ತೆ' ಅಂದಳು.

ವಿನೋಬನಗರದಿಂದ ಜಲಜಾಕ್ಷಿ ಟೀಚರ್ ಬಂದರು ಒಂದು ದಿನ.
ಬಕೆಟ್ಟಿಲ್ಲ, ಕೊಡವಿಲ್ಲ.
ಕರ್ಚೀಫು ಬಿಚ್ಚಿದರೆ ರೇಡಿಯೋದ ತಿರುಪು,
ಡಿಕಾಕ್ಷನ್ ಬಣ್ಣದ್ದು, ಎರಡು ಹೋಳು.
ಕಡ್ಡಿ ಮುಟ್ಟಿಸಿದೆ. ಕರಗಲಿಲ್ಲ.
ಕೆಂಪಗೆ ಕಾಯಿಸಿ ಮತ್ತೆ ಮುಟ್ಟಿಸಿದೆ.
ಆಸ್ಪತ್ರೆಯ ವಾಸನೆ ಬಂತು, ಅಷ್ಟೇ.
'ಇದು ಒಮ್ಮೆ ಬೆಂದದ್ದು ಟೀಚರ್,
ಇನ್ನೊಮ್ಮೆ ಮೆತ್ತಗಾಗಲ್ಲ.
ಕುಕ್ಕರ್ ಹಿಡಿಗೆ, ಸ್ವಿಚ್ಚಿಗೆ ಅದಕ್ಕೇ ಹಾಕೋದು.'
'ಉಳಿದವು?'
'ಅವು ಬೆಲ್ಲದ ಪಾಕ.
ಇದು ರೊಟ್ಟಿ, ಮತ್ತೆ ಹಿಟ್ಟಾಗಲ್ಲ.'

ಟೀಚರ್ ತುಂಬ ಹೊತ್ತು ಸುಮ್ಮನಿದ್ದರು.
'ಹೋಗಲಿ ಬಿಡು. ಅದನ್ನ ತಿರುಗಿಸ್ತಿದ್ದೋರು ಅವರೇ.
ಈಗ ಭದ್ರಾವತಿ ಸ್ಟೇಷನ್ನಿಗೇ ನಿಂತಿದೆ.'

ಬಿಡಲಿಲ್ಲ ನಾನು.
ಕ್ಯಾನಿನ ನೀಲಿ ಮುಚ್ಚಳ ಕೊರೆದು,
ಬಿಸಿ ಇರುವಾಗಲೇ ತಿರುಪಿನ ಕಡ್ಡಿಗೆ ಕೂರಿಸಿದೆ,
ಅವರ ಮನೆಗೇ ಹೋಗಿ.
ಈಗ ಆ ರೇಡಿಯೋಗೆ
ಒಂದು ಕಣ್ಣು ಕಂದು, ಒಂದು ನೀಲಿ.
ದುಡ್ಡು ಕೊಟ್ಟರು, ಕೋಡುಬಳೆಯನ್ನೂ.

ಆ ಕೋಡುಬಳೆಗೇ ನೋಡಿ
ನನ್ನ ಹಲ್ಲಿನ ಸೆಟ್ಟು ಸೀಳಿದ್ದು.
ಡಾಕ್ಟರು ಎರಡು ಸಾವಿರ ಅಂದರು,
'ನೀವೇನೂ ಕೈ ಹಾಕಬೇಡಿ' ಅಂತಲೂ ಅಂದರು.
ರಾತ್ರಿ ಫಿಲೋಮಿನ ಮಲಗಿದ ಮೇಲೆ
ಗುಲಾಬಿ ಒಸಡಿನ ಮೂಲೆ ಒಂದಿಷ್ಟು ಕೆರೆದು
ಬೆಂಕಿಗೆ ಹಿಡಿದೆ.
ಸಿಡಿಯಲಿಲ್ಲ, ಕಣ್ಣುರಿಯಲಿಲ್ಲ.
ಹಣ್ಣಿನ ವಾಸನೆ!
ಕಳಿತ ಅನಾನಸ್ಸೋ, ಬಾಳೆಯೋ.

ಹನ್ನೊಂದು ವರ್ಷ ನನ್ನ ಬಾಯಲ್ಲೇ ಇತ್ತು.
ಇದೊಂದು ಜಾತಿ
ಬುಡೇನ್ ಸಾಬರು ಹೇಳಿರಲಿಲ್ಲ.