ಹೋಲಿಕೆಯ ಗುಂಪು

ಗುರುವಾರ ಸಂಜೆ ಆರಕ್ಕೆ ನಾನು ಫೋನು ಮಾಡಬೇಕು.
ಇಪ್ಪತ್ತಾರು ವಾರ, ನೂರ ಹದಿನಾಲ್ಕನೆಯ ನಂಬರಿಗೆ:
ಗಿಂತೌತಾಸ್, ಐವತ್ತೆಂಟು, ಕ್ಲೈಪೆಡಾ ಬಂದರಿನಲ್ಲಿ ಕ್ರೇನು,
ದಿನಕ್ಕೆ ಮೂವತ್ತು ಸಿಗರೇಟು.

ಚೀಟಿ ಎತ್ತಿದ್ದು ಕಂಪ್ಯೂಟರು.
ಪಕ್ಕದ ಕ್ರೇನಿನ ಅಲ್ವಿದಾಸ್‌ಗೆ ಬಂತು
ಸಲಹೆಗಾರ್ತಿ, ನಿಕೊಟಿನ್ ಪಟ್ಟಿ, ಸೇದದ ವಾರಕ್ಕೊಂದು
ದಿನಸಿ ಅಂಗಡಿಯ ಕೂಪನ್ನು.
ಇವನಿಗೆ ಬಂದದ್ದು ನಾಲ್ಕು ಪುಟದ ಕರಪತ್ರ,
ಮತ್ತೆ ನಾನು.
ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರಲ್ಲ,
ಇವನದು ತಿರುಗಾಮುರುಗಾ:
ಲೆಕ್ಕಕ್ಕುಂಟು, ಆಟಕ್ಕಿಲ್ಲ.

ನನ್ನ ಕೈಲಿ ಒಂದು ಹಾಳೆ. ಅದರಲ್ಲಿದ್ದಷ್ಟೇ ಮಾತು.
ಹೊಗಳುವಂತಿಲ್ಲ, ಗದರುವಂತಿಲ್ಲ,
ಅಲ್ಲಿ ಚಳಿ ಹೇಗಿದೆ ಎಂದೂ ಕೇಳುವಂತಿಲ್ಲ.
“ಕಳೆದ ಏಳು ದಿನಗಳಲ್ಲಿ, ದಿನಕ್ಕೆ ಸರಾಸರಿ ಎಷ್ಟು?”
ಎಷ್ಟಾದರೂ ಹೇಳಲಿ, ನನ್ನದು ಒಂದೇ:
“ಸರಿ. ಬರೆದುಕೊಂಡೆ.”

ಮೂವತ್ತು. ಸರಿ, ಬರೆದುಕೊಂಡೆ.
ಇಪ್ಪತ್ತೆಂಟು. ಬರೆದುಕೊಂಡೆ.
ಐದನೆಯ ವಾರ ಅವನು ತಡೆದ. ಆ ಕಡೆ ಗಾಳಿ,
ಹಳಿಯ ಮೇಲೆ ಸರಪಳಿ ಎಳೆದ ಸದ್ದು.
“ನೀವು ಕೇಳ್ತೀರಿ ಅಂತ ಬುಧವಾರ ಎಣಿಸೋಕೆ ಶುರುಮಾಡಿದೆ,
ಈಗ ಸೋಮವಾರದಿಂದಲೇ ಎಣಿಸ್ತೇನೆ.
ಎಣಿಸುವಾಗ ಒಂದು ಉಳಿದುಬಿಡುತ್ತೆ, ಪ್ಯಾಕಿನಲ್ಲೇ.”
ಇದಕ್ಕೆ ಹಾಳೆಯಲ್ಲಿ ಸಾಲಿರಲಿಲ್ಲ.
ನಾನು ಲೈಟರು ಒತ್ತಿದೆ.
ಅವನಿಗೆ ಕೇಳಿಸಿರಬೇಕು. ಏನೂ ಅನ್ನಲಿಲ್ಲ,
ನನ್ನ ಹಾಳೆ ಅವನಿಗೂ ಬಾಯಿಪಾಠವಾದಂತೆ.

ಆಸ್ಪತ್ರೆಯ ಹಿಂದಿನ ಮೆಟ್ಟಿಲು, ಮೂರನೆಯದು, ನನ್ನದು.
ಕಾಫಿ ಡಬ್ಬಿಯ ತುಂಬ ತುಂಡುಗಳು, ಮೇಲೆ ಹಿಮ.

ಹದಿನೇಳು. ಒಂಬತ್ತು. ಮಗಳ ಮದುವೆಯ ವಾರ ನಲವತ್ತು.
ಸರಿ, ಬರೆದುಕೊಂಡೆ.
ನಾಲ್ಕು.

ಕೊನೆಯ ಭೇಟಿಗೆ ಬಂದ. ಉಣ್ಣೆಟೋಪಿ ತೊಡೆಯ ಮೇಲೆ.
ಕೊಳವೆಗೆ ಊದಿದ, ಉದ್ದಕ್ಕೆ,
ಮಗುವಿನ ಸೂಪು ಆರಿಸುವವನ ಹಾಗೆ.
ಯಂತ್ರದಲ್ಲಿ ಎರಡು ಅಂತ ಬಂತು.
ಎಂದೂ ಸೇದದವರ ಉಸಿರಲ್ಲೂ ಇರುತ್ತದೆ ಅಷ್ಟು.

ಪ್ರೊಫೆಸರು ಕನ್ನಡಕ ತೆಗೆದು ಕಣ್ಣುಜ್ಜಿದರು:
“ಹೋಲಿಕೆಯ ಗುಂಪೂ ಬಿಡುತ್ತಿದೆ, ಬಿರ್ಯೂತೆ,
ಎರಡು ಗೆರೆಗಳ ನಡುವೆ ಜಾಗವೇ ಉಳಿದಿಲ್ಲ.”
ವರದಿಯಲ್ಲಿ ಬಂತು: ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ.
ಇಪ್ಪತ್ತಾರು ಗುರುವಾರಗಳು ಎಲ್ಲಿ ಬಂದವು?
ಅಡಿಟಿಪ್ಪಣಿಯಲ್ಲಿ. ಅದೂ ಸಣ್ಣಕ್ಷರ.

ಕೂಪನ್ನು ನಿಂತ ತಿಂಗಳೇ ಅಲ್ವಿದಾಸ್ ಮತ್ತೆ ಹಚ್ಚಿದನಂತೆ.
ಅವನನ್ನು ದೂರಲು ನಾನ್ಯಾರು.

ವರದಿ ಅಚ್ಚಾದ ಮೂರನೆಯ ವಾರ, ಗುರುವಾರ,
ಆರಕ್ಕೆ ಸರಿಯಾಗಿ ನನ್ನ ಫೋನು ಹೊಡೆದುಕೊಂಡಿತು.
ನಮಸ್ಕಾರವಿಲ್ಲ, ಹೆಸರಿಲ್ಲ.
“ಕಳೆದ ಏಳು ದಿನಗಳಲ್ಲಿ, ದಿನಕ್ಕೆ ಸರಾಸರಿ ಎಷ್ಟು?”

ಮೆಟ್ಟಿಲ ಮೇಲೆ ಕೂತೆ.
ಸುಳ್ಳು ನಾಲಗೆಯ ತುದಿಗೇ ಬಂದು ನಿಂತಿತ್ತು,
ನುಂಗಿದೆ.
ಹನ್ನೊಂದು, ಎಂದೆ.

ಆ ಕಡೆ, ಅಷ್ಟೆತ್ತರದಲ್ಲಿ, ಗಾಳಿಯ ನಡುವೆ
ಪೆನ್ಸಿಲು ಕಾಗದದ ಮೇಲೆ ನಿಧಾನ ಗೀಚಿತು.
“ಸರಿ. ಬರೆದುಕೊಂಡೆ.”